ಮೋಟಾರ್‌ಸೈಕಲ್ ಬರಹವೂ ಕನ್ನಡದ ಕೆಲಸವೇ

ಕನ್ನಡವನ್ನು ಐಚ್ಛಿಕ ವಿಷಯವಾಗಿ ಆಯ್ದುಕೊಂಡ ವಿದ್ಯಾರ್ಥಿಗೆ ಮನೆಯಲ್ಲೂ ಊರಲ್ಲೂ ಎದುರಾಗುವ ಪ್ರಶ್ನೆ ಒಂದೇ: "ಕನ್ನಡ ಓದಿ ಮುಂದ ಏನ್ ಮಾಡ್ತಿ?" ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲೂಕಿನ ಮಹಾಗಾಂವದಂಥ ಊರಿನಲ್ಲಿ ಈ ಪ್ರಶ್ನೆ ಇನ್ನಷ್ಟು ಹರಿತವಾಗಿರುತ್ತದೆ. ಅಲ್ಲಿ ಕಚೇರಿಯ ಭಾಷೆ ಮರಾಠಿ, ಅಂಗಡಿಯ ಫಲಕ ಮರಾಠಿ. ಗಡಿ ದಾಟಿ ಸಂಕೇಶ್ವರದ ಪೇಟೆಗೆ ಬಂದರೆ ವ್ಯವಹಾರ ಕನ್ನಡ. ಇಂಥ ಕಡೆ ಕನ್ನಡದ ಓದನ್ನು ಮನೆಮಾತಿನ ಮಮತೆ ಎಂದು ಜನ ಒಪ್ಪುತ್ತಾರೆ, ದುಡಿಮೆಯ ದಾರಿ ಎಂದು ಒಪ್ಪುವುದಿಲ್ಲ. ವಿದ್ಯಾರ್ಥಿಯೂ ಸಿದ್ಧ ಉತ್ತರಗಳನ್ನೇ ಕೊಡುತ್ತಾನೆ: ಅಧ್ಯಾಪನ, ಸ್ಪರ್ಧಾತ್ಮಕ ಪರೀಕ್ಷೆ, ಪತ್ರಿಕೋದ್ಯಮ. ಮೂರನೆಯದನ್ನು ಹೇಳುವಾಗ ಅವನ ಕಣ್ಣ ಮುಂದಿರುವುದು ರಾಜಕಾರಣ ಮತ್ತು ಸಿನಿಮಾ. ತರಗತಿಯ ಹಿಂದಿನ ಬೆಂಚಿನಲ್ಲಿ ದಿನವೂ ನಡೆಯುವ ಚರ್ಚೆ, ಅಂದರೆ ಯಾರ ಗಾಡಿ ಘಟ್ಟ ಹತ್ತುತ್ತದೆ, ಯಾರದು ಹೊಗೆ ಉಗುಳುತ್ತದೆ, ಯಾವುದಕ್ಕೆ ಎಷ್ಟು ಪೆಟ್ರೋಲು ಬೇಕು ಎಂಬುದು, ಬರವಣಿಗೆಯ ವಸ್ತುವಾದೀತೆಂದು ಅವನಿಗೆ ಹೊಳೆಯುವುದೇ ಇಲ್ಲ. ಇದರಲ್ಲಿ ಅವನ ತಪ್ಪಿಗಿಂತ ಅವನಿಗೆ ಸಾಹಿತ್ಯ ಕಲಿಸಿದವರ ತಪ್ಪು ಹೆಚ್ಚು.

ಸಾಹಿತ್ಯ ಚರಿತ್ರೆಯ ಪಠ್ಯದಲ್ಲಿ "ಶಾಸ್ತ್ರಸಾಹಿತ್ಯ" ಎಂಬ ಒಂದು ಚಿಕ್ಕ ಅಧ್ಯಾಯ ಇರುತ್ತದೆ. ಎರಡನೆಯ ಚಾವುಂಡರಾಯನ ಲೋಕೋಪಕಾರ, ರಾಜಾದಿತ್ಯನ ವ್ಯವಹಾರಗಣಿತ, ಕೀರ್ತಿವರ್ಮನ ಗೋವೈದ್ಯ, ಒಂದನೆಯ ಮಂಗರಾಜನ ಖಗೇಂದ್ರಮಣಿದರ್ಪಣ, ಅಭಿನವಚಂದ್ರನ ಅಶ್ವವೈದ್ಯ, ಮೂರನೆಯ ಮಂಗರಸನ ಸೂಪಶಾಸ್ತ್ರ. ವಿದ್ಯಾರ್ಥಿಗಳು ಈ ಹೆಸರುಗಳನ್ನು ಎರಡು ಅಂಕದ ಪ್ರಶ್ನೆಗಾಗಿ ಬಾಯಿಪಾಠ ಮಾಡುತ್ತಾರೆ. ಕರ್ತೃ ಯಾರು, ಕಾಲ ಯಾವುದು, ಅಲ್ಲಿಗೆ ಮುಗಿಯಿತು. ಈ ಗ್ರಂಥಗಳನ್ನು ಯಾರಿಗಾಗಿ ಬರೆದರು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಉತ್ತರ ಸರಳವಾಗಿದೆ. ದನ ಕಾಯಿಲೆ ಬಿದ್ದವನಿಗೆ, ಲೆಕ್ಕ ತಪ್ಪಿದವನಿಗೆ, ವಿಷ ತಗುಲಿದವನಿಗೆ, ಕುದುರೆ ಕುಂಟತೊಡಗಿದಾಗ ದಿಕ್ಕುಗಾಣದೆ ನಿಂತವನಿಗೆ. ಕನ್ನಡವು ಯುದ್ಧವರ್ಣನೆಗೂ ವಿರಹಕ್ಕೂ ಸಲ್ಲುವ ಭಾಷೆ ಮಾತ್ರವಲ್ಲ, ಕುದುರೆಯ ಗೊರಸಿನ ಬಗೆಗೂ ನಿಖರವಾಗಿ ಮಾತಾಡಬಲ್ಲ ಭಾಷೆ ಎಂಬ ನಂಬಿಕೆ ಆ ಕಾಲದ ಬರಹಗಾರರಲ್ಲಿತ್ತು. ಅಭಿನವಚಂದ್ರನ ಕಾಲಕ್ಕೆ ಕುದುರೆ ಏನಾಗಿತ್ತೋ ಇಂದಿನ ಮಹಾಗಾಂವಕ್ಕೆ ಮೋಟಾರ್‌ಸೈಕಲ್ಲು ಅದೇ ಆಗಿದೆ. ಅದನ್ನು ಕುರಿತು ಬರೆಯುವವನು ಸಾಹಿತ್ಯದ ಅಂಗಳ ಬಿಟ್ಟು ಹೊರಗೆ ಹೋದನೆಂದು ಭಾವಿಸುವುದು ಆ ಅಧ್ಯಾಯವನ್ನು ಸರಿಯಾಗಿ ಓದದ ಫಲ.

ನೆರೆಯ ಭಾಷೆಗಳಲ್ಲಿ ಈ ಬಗೆಯ ಬರಹಕ್ಕೆ ಸ್ವಂತ ಮನೆ ಸಿಕ್ಕಿದೆ. ತಮಿಳಿನಲ್ಲಿ ವಿಕಟನ್ ಸಂಸ್ಥೆ "ಮೋಟಾರ್ ವಿಕಟನ್" ಎಂಬ ಮಾಸಿಕವನ್ನೇ ಹೊರತಂದಿತು. ಮಲಯಾಳದಲ್ಲಿ ಮನೋರಮಾ ಸಂಸ್ಥೆ "ಫಾಸ್ಟ್ ಟ್ರ್ಯಾಕ್" ನಡೆಸಿಕೊಂಡು ಬಂದಿದೆ. ಕನ್ನಡದಲ್ಲಿ ವಾಹನದ ಬರಹಕ್ಕೆ ಸಿಕ್ಕಿರುವ ಜಾಗ ಬಹುಮಟ್ಟಿಗೆ ದಿನಪತ್ರಿಕೆಯ ವಾರಕ್ಕೊಂದು ಪುಟ, ಅಥವಾ ವಾರಪತ್ರಿಕೆಯ ಒಂದು ಮೂಲೆ. ಕನ್ನಡ ನಾಡಿಗೆ ಮೋಟಾರ್‌ಸೈಕಲ್ಲು ಹೊಸದೇನಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಗಾಡಿಗಳನ್ನು ಕಟ್ಟಿ ದೇಶಕ್ಕೆಲ್ಲ ಕಳಿಸಿತು. ಚೆಕೊಸ್ಲೊವಾಕಿಯಾದ ವಿನ್ಯಾಸ, ಮೈಸೂರಿನ ಕೈಗಳು. ಗೇರಿನ ಲಿವರನ್ನೇ ಹಿಂದಕ್ಕೆ ಮಡಿಚಿದರೆ ಕಿಕ್ ಹೊಡೆಯುವ ಲಿವರ್ ಆಗುತ್ತಿದ್ದ ಆ 250 ಸಿಸಿ ಗಾಡಿಗಳು, ಮೊದಲು ಜಾವಾ, ಅನಂತರ ಯೆಜ್ದಿ, ಘಟ್ಟದ ಮೇಲಿನ ಕಾಫಿ ತೋಟದಿಂದ ಬಯಲುಸೀಮೆಯ ಹತ್ತಿ ಹೊಲದವರೆಗೆ ಓಡಾಡಿದವು. ಒಂದು ತಲೆಮಾರಿನ ವೈದ್ಯರು, ಮೇಷ್ಟ್ರುಗಳು, ಪೊಲೀಸರು ಅವುಗಳ ಮೇಲೆ ಬದುಕು ಸಾಗಿಸಿದರು. ಆದರೂ ಆ ಗಾಡಿಯ ಬಗ್ಗೆ ಕೂಲಂಕಷವಾಗಿ ಓದಬೇಕೆಂದರೆ ಇಂದಿನ ವಿದ್ಯಾರ್ಥಿ ಹೆಚ್ಚಾಗಿ ಇಂಗ್ಲಿಷಿನ ಕಡೆಗೇ ತಿರುಗಬೇಕು. ಮೈಸೂರಿನ ಕಾರ್ಮಿಕ ಕನ್ನಡದಲ್ಲಿ ಮಾತಾಡುತ್ತ ಜೋಡಿಸಿದ ಎಂಜಿನ್ನಿನ ಕಥೆ ಕನ್ನಡದಲ್ಲಿ ತೆಳುವಾಗಿಯೇ ಉಳಿದಿರುವುದು ಯಂತ್ರದ ತಪ್ಪಲ್ಲ.

ಮರಾಠಿಯಲ್ಲೂ ಕನ್ನಡದಲ್ಲೂ ಓದಬಲ್ಲ ಗಡಿಭಾಗದ ವಿದ್ಯಾರ್ಥಿಗೆ ಇಲ್ಲೊಂದು ಅನುಕೂಲವಿದೆ. ಕಾರ್ಖಾನೆ ಮತ್ತು ಸಾಹಿತ್ಯ ಒಂದೇ ಚಪ್ಪರದಡಿ ಬೆಳೆದ ಉದಾಹರಣೆಯನ್ನು ಅವನು ಮರಾಠಿಯಲ್ಲಿ ನೇರವಾಗಿ ನೋಡಬಲ್ಲ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಒಂದು ಸೈಕಲ್ ಅಂಗಡಿ ತೆರೆದರು. ಅದು ಕಬ್ಬಿಣದ ನೇಗಿಲಿನ ಕಾರ್ಖಾನೆಯಾಗಿ, 1910ರಲ್ಲಿ ಔಂಧ ಸಂಸ್ಥಾನದ ಬರಡು ನೆಲದ ಮೇಲೆ ಕಿರ್ಲೋಸ್ಕರವಾಡಿಯಾಯಿತು. ಅದೇ ಕಾರ್ಖಾನೆಯಿಂದ 1920ರಲ್ಲಿ "ಕಿರ್ಲೋಸ್ಕರ ಖಬರ್" ಎಂಬ ಪುಟ್ಟ ಪತ್ರಿಕೆ ಹೊರಟಿತು. ನೇಗಿಲು ಕೊಳ್ಳುವವರಿಗೆ, ಕಾರ್ಖಾನೆಯ ಜನರಿಗೆ ಸುದ್ದಿ ಮುಟ್ಟಿಸುವುದಷ್ಟೇ ಅದರ ಮೊದಲ ಉದ್ದೇಶ. ಸಂಪಾದಕ ಶಂ. ವಾ. ಕಿರ್ಲೋಸ್ಕರರ ಕೈಯಲ್ಲಿ ಅದು ಕೆಲವೇ ವರ್ಷಗಳಲ್ಲಿ ಮರಾಠಿಯ ಪ್ರಮುಖ ಮಾಸಿಕಗಳಲ್ಲಿ ಒಂದಾಯಿತು; ಅದರ ಬೆನ್ನಿಗೆ 1930ರಲ್ಲಿ "ಸ್ತ್ರೀ", ಆಮೇಲೆ "ಮನೋಹರ" ಬಂದವು. ನೇಗಿಲಿನ ಕುಳದ ಬಗ್ಗೆ ಸ್ಪಷ್ಟವಾಗಿ ಬರೆಯಲು ಕಲಿತ ಪತ್ರಿಕೆ ವಿಧವಾ ವಿವಾಹದ ಬಗ್ಗೆಯೂ ಸ್ಪಷ್ಟವಾಗಿ ಬರೆಯಿತು. ಇದನ್ನು ಕಾಕತಾಳೀಯವೆಂದು ತಳ್ಳಿಹಾಕುವಂತಿಲ್ಲ.

ಕನ್ನಡದಲ್ಲಿಯೂ ಹೋಲಿಕೆಗೆ ಒಂದು ಪತ್ರಿಕೆ ಇದೆ. 1988ರಲ್ಲಿ ಪುತ್ತೂರಿನಿಂದ ಆರಂಭವಾದ "ಅಡಿಕೆ ಪತ್ರಿಕೆ". ಶ್ರೀ ಪಡ್ರೆಯವರು ಮುನ್ನಡೆಸಿದ ಈ ಮಾಸಿಕದ ಹಟ ಒಂದೇ: ಕೃಷಿಕನ ಬಗ್ಗೆ ಕೃಷಿಕನೇ ಬರೆಯಬೇಕು. ಅದಕ್ಕಾಗಿ ಕೃಷಿಕರ ಕೈಗೆ ಲೇಖನಿ ಕೊಡುವ ಶಿಬಿರಗಳು ನಡೆದವು. ತೋಟದಲ್ಲಿ ಕೈ ಕೊಳೆ ಮಾಡಿಕೊಂಡವನ ಮಾತಿಗೆ ಪಟ್ಟಣದ ಉಪಸಂಪಾದಕನ ಊಹೆಗಿಂತ ಬೆಲೆ ಹೆಚ್ಚು ಎಂಬ ಸರಳ ತತ್ತ್ವದ ಮೇಲೆ ಅದು ದಶಕಗಳ ಕಾಲ ನಿಂತಿತು. ಅಡಿಕೆಯಂಥ ಒಂದೇ ಬೆಳೆಯ ಹೆಸರಿಟ್ಟುಕೊಂಡು ಕನ್ನಡದಲ್ಲಿ ಪತ್ರಿಕೆ ನಡೆಯಬಹುದಾದರೆ, ಮನೆಮನೆಯ ಅಂಗಳದಲ್ಲಿ ನಿಂತಿರುವ ವಾಹನದ ಹೆಸರಿನಲ್ಲಿ ಏಕೆ ನಡೆಯಬಾರದು? ಬಂಡವಾಳ, ಜಾಹೀರಾತು, ವಿತರಣೆ ಎಂಬ ಉತ್ತರಗಳು ತಕ್ಷಣ ಬರುತ್ತವೆ. ಅವು ಸುಳ್ಳಲ್ಲ. ಆದರೆ ಬರೆಯುವವರ ಕೊರತೆಯ ಮಾತನ್ನು ಯಾರೂ ಎತ್ತುವುದಿಲ್ಲ, ಮತ್ತು ಕನ್ನಡ ವಿಭಾಗಗಳು ಉತ್ತರ ಹೇಳಬೇಕಾದ ಕೊರತೆ ಅದೊಂದೇ.

ಪ್ರಾದೇಶಿಕ ಪತ್ರಿಕೆಯ ವಾಹನ ಬರಹ ಎಂದರೇನು ಎಂಬುದನ್ನು ಮಹಾಗಾಂವದ ರಸ್ತೆಯ ಮೇಲೆಯೇ ನಿಂತು ನೋಡುವುದು ಒಳ್ಳೆಯದು. ಮಹಾನಗರದ ಇಂಗ್ಲಿಷ್ ಪತ್ರಿಕೆ ಒಂದು ಹೊಸ ಗಾಡಿಯನ್ನು ಪರೀಕ್ಷಿಸುವಾಗ ನಿಂತಲ್ಲಿಂದ 60 ಕಿ.ಮೀ. ವೇಗಕ್ಕೆ ಎಷ್ಟು ಸೆಕೆಂಡು ಬೇಕು ಎಂದು ಅಳೆಯುತ್ತದೆ. ಹೆದ್ದಾರಿಯ ತಿರುವಿನಲ್ಲಿ ಗಾಡಿಯನ್ನು ವಾಲಿಸಿ ಚಿತ್ರ ತೆಗೆಯುತ್ತದೆ. ಮಹಾಗಾಂವದ ಹೈನುಗಾರನಿಗೆ ಆ ಸೆಕೆಂಡುಗಳಿಂದ ಆಗಬೇಕಾದದ್ದು ಏನೂ ಇಲ್ಲ. ಅವನು ನಸುಕಿನಲ್ಲಿ ಗಾಡಿಯ ಎರಡೂ ಮಗ್ಗುಲಿಗೆ ಕ್ಯಾನು ತೂಗುಹಾಕಿಕೊಂಡು ಹಾಲಿನ ಸಂಘದ ಕಡೆ ಹೊರಡುವವನು. 40 ಲೀಟರು ಹಿಡಿಯುವ ಕ್ಯಾನಿನಲ್ಲಿ ಹಾಲೇ 41 ಕಿಲೋ ತೂಗುತ್ತದೆ. ಎರಡು ಕ್ಯಾನಿಗೆ 82 ಕಿಲೋ, ಕ್ಯಾನಿನ ಭಾರ ಬೇರೆ, ಸವಾರನ 65 ಕಿಲೋ ಬೇರೆ. 100 ಸಿಸಿ ವರ್ಗದ ಹಲವು ಗಾಡಿಗಳಿಗೆ ಕಂಪನಿ ಹೇಳುವ ಒಟ್ಟು ಹೊರೆಯ ಮಿತಿ 130 ಕಿಲೋದ ಆಸುಪಾಸಿನಲ್ಲಿರುತ್ತದೆ. ಅಂದರೆ ಅವನು ದಿನವೂ ಮಿತಿ ಮೀರಿಯೇ ಓಡಿಸುತ್ತಾನೆ. ಅಂಥ ಹೊರೆಯಲ್ಲಿ ಇಳಿಜಾರಿನಲ್ಲಿ ಹಿಂದಿನ ಡ್ರಮ್ ಬ್ರೇಕು ಎಷ್ಟರಮಟ್ಟಿಗೆ ಹಿಡಿಯುತ್ತದೆ, ಹ್ಯಾಂಡಲು ಯಾವ ಹಂತದಲ್ಲಿ ಹಗುರಾಗುತ್ತದೆ, ಕ್ಲಚ್ ಪ್ಲೇಟು ಎಷ್ಟು ಬೇಗ ಸವೆಯುತ್ತದೆ, ಹಿಂದಿನ ಶಾಕ್ ಎಷ್ಟು ತಿಂಗಳಿಗೆ ಎಣ್ಣೆ ಸೋರುತ್ತದೆ ಎಂಬುದು ಅವನಿಗೆ ಬೇಕಾದ ವಿಮರ್ಶೆ. ಇದನ್ನು ಪುಣೆಯಲ್ಲೋ ಬೆಂಗಳೂರಿನಲ್ಲೋ ಕುಳಿತು ಬರೆಯಲಾಗದು. ಹಾಲು ಸುರಿದ ಜಾಗದಲ್ಲಿ ನಿಂತವನೇ ಬರೆಯಬೇಕು.

ಕಬ್ಬಿನ ಹಂಗಾಮಿನದು ಇನ್ನೊಂದು ಪಾಠ. ಕಾರ್ಖಾನೆಗಳು ನುರಿಸಲು ಆರಂಭಿಸಿದ ಮೇಲೆ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಜೋಡಿಸಿಕೊಂಡು ಹಗಲಿರುಳೂ ಓಡುತ್ತವೆ. ಹಿಂಬದಿಯಲ್ಲಿ ದೀಪವಿರುವುದಿಲ್ಲ, ಪ್ರತಿಫಲಕವಿದ್ದರೂ ಕಬ್ಬಿನ ಸೋಗೆ ಮುಚ್ಚಿರುತ್ತದೆ. ಗಾಲಿಗೆ ಅಂಟಿದ ಹೊಲದ ಕೆಸರು ಡಾಂಬರಿನ ಮೇಲೆ ಉದುರಿ, ಇಬ್ಬನಿ ಬಿದ್ದ ಬೆಳಗಿನಲ್ಲಿ ಸಾಬೂನಿನಂತೆ ಜಾರುತ್ತದೆ. ಇಲ್ಲಿ ಹೆಡ್‌ಲೈಟಿನ ಬೆಳಕು ಎಷ್ಟು ದೂರ ಬೀಳುತ್ತದೆ ಎಂಬುದು ಅಂದಚಂದದ ವಿಷಯವಲ್ಲ, ಜೀವದ ವಿಷಯ. 125 ಸಿಸಿಗಿಂತ ದೊಡ್ಡ ಗಾಡಿಗಳಿಗೆ ಎಬಿಎಸ್, ಅದರೊಳಗಿನವಕ್ಕೆ ಎರಡೂ ಬ್ರೇಕು ಒಟ್ಟಿಗೆ ಹಿಡಿಯುವ ಸಿಬಿಎಸ್ ವ್ಯವಸ್ಥೆಯು 2019ರ ಏಪ್ರಿಲ್ ವೇಳೆಗೆ ಕಡ್ಡಾಯವಾಯಿತು. ಆ ಎರಡರ ಅಂತರ ಕೆಸರಿನ ಡಾಂಬರಿನ ಮೇಲೆ ಏನೆಂದು ತಿಳಿಯುತ್ತದೆ ಎಂಬುದನ್ನು ಒಬ್ಬ ಕಬ್ಬಿನ ರೈತನ ಮಗ ಎರಡು ಪುಟದಲ್ಲಿ ಬರೆದರೆ ಅದನ್ನು ಕತ್ತರಿಸಿ ಇಟ್ಟುಕೊಳ್ಳುವ ಓದುಗರು ಎರಡೂ ರಾಜ್ಯದಲ್ಲಿದ್ದಾರೆ. ಇನ್ನು ಆಜರಾ ದಾಟಿ ಅಂಬೋಲಿಯ ಕಡೆ ಹೊರಟರೆ ಮಹಾರಾಷ್ಟ್ರದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳಲ್ಲೊಂದು ಎದುರಾಗುತ್ತದೆ. ಜುಲೈ ತಿಂಗಳ ಆ ಒಂದು ದಾರಿ ಟೈರಿನ ಗುಣವನ್ನೂ ರೇನ್‌ಕೋಟಿನ ಹೊಲಿಗೆಯನ್ನೂ ಒಟ್ಟಿಗೆ ಪರೀಕ್ಷಿಸಿಬಿಡುತ್ತದೆ.

ಸವಾರಿ ಗಂಡಸರದಷ್ಟೇ ಎಂಬ ಭಾವನೆಯಿಂದ ಈ ಬರಹ ಕೆಟ್ಟಿರುವುದೂ ಉಂಟು. ಹಿಂದಿನ ಗಾಲಿಯ ಎಡಕ್ಕೆ ಇರುವ ಜಾಲರಿಯನ್ನು ಜನ "ಸಾರಿ ಗಾರ್ಡ್" ಎನ್ನುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮವು ಹಿಂಬದಿ ಸವಾರರ ಬಟ್ಟೆ ಗಾಲಿಗೆ ಸಿಲುಕದಂತೆ ಅರ್ಧ ಗಾಲಿಯಾದರೂ ಮುಚ್ಚುವ ರಕ್ಷಣೆ ಇರಬೇಕೆನ್ನುತ್ತದೆ. ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಮೆಟ್ಟು ಇರಬೇಕೆನ್ನುತ್ತದೆ. ಹುಡುಗರು ಗಾಡಿ ಕೊಂಡ ವಾರದೊಳಗೆ ಅಂದಕ್ಕೆ ಅಡ್ಡಿಯೆಂದು ಅದನ್ನು ಕಿತ್ತು ಗೋದಾಮಿಗೆ ಎಸೆಯುತ್ತಾರೆ. ಅದೇ ಗಾಡಿಯ ಹಿಂದೆ ಮರುದಿನ ತಾಯಿ ಇಳಕಲ್ ಸೀರೆಯುಟ್ಟು ಕೂರುತ್ತಾಳೆ. ವೇಗದ ಬಗ್ಗೆ ನೂರು ಲೇಖನ ಸಿಗುವ ಕಡೆ ಈ ಜಾಲರಿಯ ಬಗ್ಗೆ ಒಂದು ಲೇಖನ ಸಿಗುವುದು ಕಷ್ಟ. ಸ್ಕೂಟರಿನಲ್ಲಿ ಕಾಲೇಜಿಗೆ ಬರುವ ವಿದ್ಯಾರ್ಥಿನಿಯರು ಇದನ್ನು ಬರೆಯಬೇಕು. ಸೀಟಿನ ಎತ್ತರ, ಸೆಂಟರ್ ಸ್ಟ್ಯಾಂಡ್ ಹಾಕಲು ಬೇಕಾದ ಬಲ, ರಾತ್ರಿ ಪಂಕ್ಚರಾದರೆ ಆಗುವ ಪಾಡು, ಇವೆಲ್ಲ ಅವರಿಗೆ ಗೊತ್ತಿರುವಂತೆ ಮಹಾನಗರದ ವಿಮರ್ಶಕನಿಗೆ ಗೊತ್ತಿಲ್ಲ.

ಅಳತೆಯ ವಿಷಯದಲ್ಲಿ ಕನ್ನಡ ವಿದ್ಯಾರ್ಥಿಗಳು ಹಿಂಜರಿಯುತ್ತಾರೆ. ವಿಜ್ಞಾನದವರ ಕೆಲಸ ಅದು ಎಂಬ ಸಂಕೋಚ. ಹಾಗೇನಿಲ್ಲ. ಕಂಪನಿಗಳು ಪ್ರಕಟಿಸುವ ಇಂಧನದ ಅಂಕಿಯು ಪುಣೆಯ ಎಆರ್‌ಎಐಯಂಥ ಸಂಸ್ಥೆಯ ಪ್ರಯೋಗಾಲಯದಲ್ಲಿ, ಉರುಳುವ ರೋಲರಿನ ಮೇಲೆ, ಗೊತ್ತುಮಾಡಿದ ವೇಗದ ಕ್ರಮದಲ್ಲಿ ಬಂದದ್ದು. ಅಲ್ಲಿ ಎದುರುಗಾಳಿಯಿಲ್ಲ, ರಸ್ತೆಯುಬ್ಬಿಲ್ಲ, ಹಾಲಿನ ಕ್ಯಾನಿಲ್ಲ. ಊರಿನ ಅಂಕಿ ಬೇಕಾದರೆ ಟ್ಯಾಂಕನ್ನು ಒಂದೇ ಪಂಪಿನಲ್ಲಿ ಬಾಯಿಮಟ್ಟ ತುಂಬಿಸಿ, ಮೀಟರು ಬರೆದುಕೊಂಡು, ಕನಿಷ್ಠ ನೂರೈವತ್ತು ಇನ್ನೂರು ಕಿ.ಮೀ. ಓಡಿಸಿ, ಮತ್ತೆ ಅದೇ ಪಂಪಿನಲ್ಲಿ ಅದೇ ಮಟ್ಟಕ್ಕೆ ತುಂಬಿಸಬೇಕು. 208 ಕಿ.ಮೀ. ಓಡಿದ ಮೇಲೆ 4 ಲೀಟರು ಹಿಡಿಯಿತೆಂದರೆ ಲೀಟರಿಗೆ 52. ಕ್ಯಾನು ಹೊತ್ತು ಅಷ್ಟೇ ಪೆಟ್ರೋಲಿಗೆ 176 ಕಿ.ಮೀ. ಓಡಿತೆಂದರೆ 44. ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸವನ್ನು ತಿಂಗಳ ಹಾಲಿನ ಬಿಲ್ಲಿಗೆ ಹೋಲಿಸಿ ತೋರಿಸಿದರೆ ಲೇಖನಕ್ಕೆ ಬೆನ್ನೆಲುಬು ಬಂತು. ರಾಜಾದಿತ್ಯನ ಗಣಿತಕ್ಕಿಂತ ಇದು ಸುಲಭ.

ಭಾಷೆಯ ಪ್ರಶ್ನೆ ಮಾತ್ರ ಸುಲಭವಲ್ಲ, ಮತ್ತು ಕನ್ನಡ ವಿದ್ಯಾರ್ಥಿಯ ನಿಜವಾದ ಕೆಲಸ ಇಲ್ಲಿಯೇ ಇದೆ. ಮೇಲಿನ ಅಂಕಿಯನ್ನೇ ತೆಗೆದುಕೊಳ್ಳೋಣವೆಂದರೆ ಅದಕ್ಕೆ ಏನೆನ್ನಬೇಕು? ಬೆಂಗಳೂರಿನವನು "ಮೈಲೇಜ್ ಎಷ್ಟು?" ಎನ್ನುತ್ತಾನೆ. ಗಡಹಿಂಗ್ಲಜದ ಸುತ್ತ ಮರಾಠಿಯ ಪ್ರಭಾವದಿಂದ "ಎವರೇಜ್ ಎಷ್ಟ್ ಕೊಡ್ತೈತಿ?" ಎಂಬ ಮಾತು ಹೆಚ್ಚು. ಪಠ್ಯಪುಸ್ತಕ "ಇಂಧನ ಕ್ಷಮತೆ" ಎನ್ನುತ್ತದೆ, ಹಾಗೆ ಗ್ಯಾರೇಜಿನಲ್ಲಿ ಕೇಳಿದವನನ್ನು ಮಿಸ್ತ್ರಿ ಒಮ್ಮೆ ತಲೆಯೆತ್ತಿ ನೋಡಿಯಾನು. ಗಾಡಿ ಏರಿನಲ್ಲಿ ಸೋತರೆ ಮರಾಠಿಯ ಮಿಸ್ತ್ರಿ "ಗಾಡಿ ಓಢತ ನಾಹೀ" ಎನ್ನುತ್ತಾನೆ, ಕನ್ನಡದವನು "ಗಾಡಿ ಜಗ್ಗವಲ್ದು" ಎನ್ನುತ್ತಾನೆ. ಎರಡೂ ಭಾಷೆಗಳು ಎಂಜಿನ್ನನ್ನು ಎತ್ತಿನಂತೆ ಕಂಡಿವೆ. ಎಳೆಯುವುದೇ ಅದರ ಧರ್ಮ. "ಜಗ್ಗು" ಎಂಬ ಒಂದು ಕ್ರಿಯಾಪದದಲ್ಲಿ ಟಾರ್ಕಿನ ಇಡೀ ಭಾವ ಅಡಗಿದೆ. "ಎಂಜಿನ್ ಉತ್ತಮ ಭ್ರಾಮಕ ಬಲವನ್ನು ಉತ್ಪಾದಿಸುತ್ತದೆ" ಎಂದು ಬರೆಯುವವನಿಗೆ ಈ ಪದ ಗೊತ್ತಿಲ್ಲವೆಂದಲ್ಲ, ಅಚ್ಚಿಗೆ ತರಲು ನಾಚಿಕೆ. ಹಳೆಯವರು ಗಾಡಿಯ ಸದ್ದನ್ನೇ ಹೆಸರಾಗಿಸಿ "ಫಟಫಟಿ" ಎಂದರು, ಗಡಿಯ ಎರಡೂ ಬದಿಯಲ್ಲಿ ಅದು ಒಂದೇ ಪದ. ಅದನ್ನು ಬಳಸಿದರೆ ಗ್ರಾಮ್ಯವಾದೀತೆಂಬ ಅಂಜಿಕೆ ಕನ್ನಡ ಪದವೀಧರನಿಗೇ ಹೆಚ್ಚು.

ಹಾಗೆಂದು ಕ್ಲಚ್, ಗೇರು, ಪ್ಲಗ್ಗು, ಬ್ರೇಕುಗಳಿಗೆ ಸಂಸ್ಕೃತದ ಹೊಸ ಪದಗಳನ್ನು ಕಟ್ಟಬೇಕಾಗಿಲ್ಲ. ಅವು ಕನ್ನಡದ ವಿಭಕ್ತಿ ಪ್ರತ್ಯಯ ಹಚ್ಚಿಕೊಂಡು ಎಂದೋ ಮನೆಯವಾಗಿವೆ. ಬೇಕಿರುವುದು ಹೆಸರುಗಳಲ್ಲ, ಕ್ರಿಯಾಪದಗಳು ಮತ್ತು ಗುಣವಾಚಕಗಳು. ಗಾಡಿ ಕೆಮ್ಮುತ್ತದೆ, ಮುಗ್ಗರಿಸುತ್ತದೆ, ಒದೆಯುತ್ತದೆ, ಉಸಿರು ಕಟ್ಟುತ್ತದೆ, ಬಿಸಿಯಾಗಿ ಹಿಡಿದುಬಿಡುತ್ತದೆ. ಸರಪಳಿ ಸಡಿಲಾಗಿ ಚಟಪಟಿಸುತ್ತದೆ. ಈ ಪದಗಳ ಒಳಗೆ ರೋಗನಿರ್ಣಯವೇ ಇದೆ. ಅನುಭವಿ ಮಿಸ್ತ್ರಿ ಕೆಮ್ಮಿಗೂ ಮುಗ್ಗರಿಕೆಗೂ ವ್ಯತ್ಯಾಸ ಕೇಳಬಲ್ಲ. ಒಂದಕ್ಕೆ ಪೆಟ್ರೋಲಿನಲ್ಲಿ ಕಸ, ಇನ್ನೊಂದಕ್ಕೆ ಪ್ಲಗ್ಗಿನ ಕಿಡಿ. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಯಾಗಿ ಹೊಸ ಗಾಡಿಗಳಲ್ಲಿ ಕಾರ್ಬ್ಯುರೇಟರಿನ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂತು. ಚೋಕ್ ಎಳೆಯುವುದು, ಜೆಟ್ ಊದುವುದು, ಸ್ಕ್ರೂ ತಿರುವಿ ಸದ್ದು ಕೇಳುತ್ತ ಐಡ್ಲಿಂಗ್ ಕೂರಿಸುವುದು, ಇವೆಲ್ಲ ಹಳೆಯ ಗಾಡಿಗಳೊಂದಿಗೆ ಮುಗಿಯುವ ವಿದ್ಯೆಗಳು. ಹೊಸ ಮಿಸ್ತ್ರಿ ಸ್ಕ್ಯಾನರ್ ಚುಚ್ಚಿ ಅದು ತೋರಿಸಿದ ಕೋಡನ್ನು ಓದುತ್ತಾನೆ. ಕೋಡು ಕನ್ನಡದಲ್ಲೂ ಇಲ್ಲ, ಮರಾಠಿಯಲ್ಲೂ ಇಲ್ಲ. ಕಿವಿಯಿಂದ ಎಂಜಿನ್ ಓದಿದ ತಲೆಮಾರು ಇನ್ನೂ ಗ್ಯಾರೇಜುಗಳಲ್ಲಿ ಕುಳಿತಿದೆ. ಅವರ ಮಾತನ್ನು ಬರೆದಿಟ್ಟುಕೊಳ್ಳಲು ಇರುವ ಅವಧಿ ಬಹಳವಿಲ್ಲ. ಜಾನಪದ ಸಂಗ್ರಹವೆಂದರೆ ಬೀಸುವ ಕಲ್ಲಿನ ಹಾಡೊಂದೇ ಎಂದು ತಿಳಿದ ವಿಭಾಗಗಳು ಈ ಸಂಗ್ರಹವನ್ನು ಮಾಡಲಾರವು.

ಇದರ ಎದುರು ನಿಂತಿರುವುದು ಇನ್ನೊಂದು ಬಗೆಯ ಕನ್ನಡ. ಕಂಪನಿಯ ಪ್ರಚಾರ ವಿಭಾಗದಿಂದ ಇಂಗ್ಲಿಷಿನಲ್ಲಿ ಬಂದದ್ದನ್ನು ಅವಸರದಲ್ಲಿ ಕನ್ನಡಕ್ಕೆ ಇಳಿಸಿದ ಕನ್ನಡ. ಅದರಲ್ಲಿ ಪ್ರತಿ ಗಾಡಿಯೂ "ಯುವಜನರ ಮನಗೆಲ್ಲಲು ಸಜ್ಜಾಗಿದೆ", ಪ್ರತಿ ಬಣ್ಣವೂ "ಆಕರ್ಷಕ", ಪ್ರತಿ ಸೀಟೂ "ಆರಾಮದಾಯಕ". ಯಾರು ಕೂತರು, ಎಷ್ಟು ಹೊತ್ತು ಕೂತರು, ಕೂತವರ ಸೊಂಟ ಏನೆಂದಿತು ಎಂಬುದು ಇಲ್ಲ. ಈ ಗದ್ಯ ಬರೆಯುವವನು ಸುಳ್ಳುಗಾರನೇನಲ್ಲ, ಅವನು ಗಾಡಿಯನ್ನೇ ನೋಡಿರುವುದಿಲ್ಲ. ಹವ್ಯಾಸಿ ಬರಹಗಾರನಿಗೆ ಜಾಗವಿರುವುದೂ ಇಲ್ಲಿಯೇ. ಸಂಬಳದ ಉಪಸಂಪಾದಕ ಮೇಜು ಬಿಟ್ಟು ಏಳಲಾರ. ಊರಿನಲ್ಲಿರುವ ಹವ್ಯಾಸಿ ಗಾಡಿಯ ಮೇಲೆಯೇ ಇರುತ್ತಾನೆ.

ಆದರೆ ಅವನಿಗೂ ಬಲೆಗಳಿವೆ. ಒಂದೆರಡು ಲೇಖನ ಅಚ್ಚಾದ ಮೇಲೆ ಮಾರಾಟ ಮಳಿಗೆಯವರು ಪರೀಕ್ಷೆಗೆ ಗಾಡಿ ಕೊಡುತ್ತಾರೆ, ಜೊತೆಗೆ ಊಟ, ಜಾಕೆಟು. ಗಾಡಿ ತೆಗೆದುಕೊಳ್ಳಬೇಕು, ಏಕೆಂದರೆ ಓಡಿಸದೆ ಬರೆಯಲಾಗದು; ಗಾಡಿ ಯಾರದು, ಎಷ್ಟು ದಿನ ಕೈಯಲ್ಲಿತ್ತು ಎಂಬುದನ್ನು ಲೇಖನದಲ್ಲಿ ಹೇಳಲೇಬೇಕು. ಜಾಕೆಟ್ಟಿನ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ, ಹಿಂದಿರುಗಿಸಬೇಕು. ಅಮೆರಿಕದಲ್ಲಿ 1962ರಲ್ಲಿ ಜೋ ಪಾರ್ಕ್‌ಹರ್ಸ್ಟ್ "ಸೈಕಲ್ ವರ್ಲ್ಡ್" ಪತ್ರಿಕೆ ಆರಂಭಿಸಿದಾಗ ವಾಹನ ಪರೀಕ್ಷೆಯಲ್ಲಿ ಕಂಡ ದೋಷವನ್ನು ದೋಷವೆಂದೇ ಬರೆಯುವುದಕ್ಕೆ ಹೆಸರಾದರು. ಆ ಪತ್ರಿಕೆಯ ಮಾತಿಗೆ ತೂಕ ಬಂದದ್ದು ಹಾಗೆ. ಕನ್ನಡದ ಓದುಗ ಒಂದು ಗಾಡಿಗಾಗಿ ಸಹಕಾರಿ ಸಂಘದ ಸಾಲ ತೆಗೆದು ಮೂರು ವರ್ಷ ಕಂತು ಕಟ್ಟುವವನು. ಅವನಿಗೆ ತಪ್ಪು ಸಲಹೆ ಕೊಡುವುದು ಕಾವ್ಯವಿಮರ್ಶೆಯಲ್ಲಿ ತಪ್ಪು ಮಾಡಿದಂತಲ್ಲ. ಕವಿಗೆ ಬೇಸರವಾಗುತ್ತದೆ, ರೈತನಿಗೆ ಕಂತು ಉಳಿಯುತ್ತದೆ.

ಅದೇ "ಸೈಕಲ್ ವರ್ಲ್ಡ್" ಪತ್ರಿಕೆಗೆ ಪೀಟರ್ ಈಗನ್ ಬಂದ ದಾರಿ ಕನ್ನಡ ವಿದ್ಯಾರ್ಥಿಗಳು ತಿಳಿದಿರಬೇಕಾದದ್ದು. ವಿಸ್ಕಾನ್ಸಿನ್ ರಾಜ್ಯದವರು, ಪತ್ರಿಕೋದ್ಯಮದ ಪದವಿ ಪಡೆದವರು, ಆದರೆ ಹೊಟ್ಟೆಪಾಡಿಗೆ ಗ್ಯಾರೇಜಿನಲ್ಲಿ ಮೆಕ್ಯಾನಿಕ್. 1970ರ ದಶಕದಲ್ಲಿ ಪತ್ನಿಯನ್ನು ಹಿಂದೆ ಕೂರಿಸಿಕೊಂಡು ನಾರ್ಟನ್ ಗಾಡಿಯಲ್ಲಿ ಪಶ್ಚಿಮ ಕರಾವಳಿಯತ್ತ ಹೊರಟರು. ಮೊಂಟಾನಾದಲ್ಲಿ ಗಾಡಿ ಕೆಟ್ಟು ನಿಂತಿತು. ತಲುಪದ ಆ ಪ್ರಯಾಣವನ್ನೇ ಬರೆದು ಕಳಿಸಿದರು. ಪತ್ರಿಕೆ ತೆಗೆದುಕೊಂಡಿತು. ಮತ್ತಷ್ಟು ಬರೆದ ಮೇಲೆ 1980ರಲ್ಲಿ ಸಿಬ್ಬಂದಿಯಾಗಿ ಕರೆಸಿಕೊಂಡಿತು. ಗೆದ್ದ ಪ್ರಯಾಣಕ್ಕಿಂತ ಕೆಟ್ಟ ಗಾಡಿ ಒಳ್ಳೆಯ ವಸ್ತು ಎಂಬುದನ್ನು ಅವರು ಕೈಯಲ್ಲಿ ಸ್ಪ್ಯಾನರ್ ಹಿಡಿದೇ ಕಲಿತಿದ್ದರು. ರಾಬರ್ಟ್ ಪಿರ್ಸಿಗ್ ಅವರದೂ ಹೀಗೆಯೇ. 1968ರಲ್ಲಿ ಮಗನನ್ನು ಕೂರಿಸಿಕೊಂಡು ಹೋಂಡಾ ಗಾಡಿಯಲ್ಲಿ ಮಾಡಿದ ಪ್ರಯಾಣದಿಂದ ಹುಟ್ಟಿದ, 1974ರಲ್ಲಿ ಅಚ್ಚಾದ ಅವರ ಪ್ರಖ್ಯಾತ ಕೃತಿಯನ್ನು ತತ್ತ್ವಶಾಸ್ತ್ರವೆಂದು ಓದುವವರು ಒಂದು ಸಂಗತಿ ಮರೆಯುತ್ತಾರೆ: ಅವರು ಅನ್ನ ಸಂಪಾದಿಸುತ್ತಿದ್ದದ್ದು ಯಂತ್ರಗಳ ಕೈಪಿಡಿ ಬರೆದು. ಸ್ಕ್ರೂ ಯಾವ ಕಡೆ ತಿರುಗಿಸಬೇಕೆಂದು ತಪ್ಪಿಲ್ಲದೆ ಬರೆದ ಕೈಯೇ "ಗುಣ" ಎಂದರೇನೆಂದು ಕೇಳಿತು.

ಹಣದ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಕನ್ನಡದಲ್ಲಿ ಹವ್ಯಾಸಿ ಬರಹದಿಂದ ಸಂಸಾರ ನಡೆಯುವುದಿಲ್ಲ, ವಾಹನದ ಬರಹದಿಂದಂತೂ ನಡೆಯುವುದಿಲ್ಲ. ಗೌರವಧನ ತಡವಾಗಿ ಬರುತ್ತದೆ, ಕೆಲವೆಡೆ ಪತ್ರಿಕೆಯ ಪ್ರತಿಯೇ ಗೌರವಧನ. ಇದನ್ನು ಬೇರೊಂದು ದುಡಿಮೆಯ ಜೊತೆಗಿನ ಕಸುಬೆಂದು ತಿಳಿದವನಷ್ಟೇ ಇದರಲ್ಲಿ ಉಳಿಯುತ್ತಾನೆ. ಆದರೆ ಹಣ ಕಡಿಮೆಯೆಂದು ಹಕ್ಕನ್ನೂ ಕಡಿಮೆ ಮಾಡಿಕೊಳ್ಳಬೇಕಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹವ್ಯಾಸಿ ಬರೆದ ಲೇಖನದ ಮೊದಲ ಒಡೆಯ ಬರೆದವನೇ. ಪತ್ರಿಕೆಯ ನೌಕರನ ಸ್ಥಿತಿ ಬೇರೆ. ಒಡೆತನವನ್ನು ಬರಹದ ಮೂಲಕವಲ್ಲದೆ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟದ್ದಕ್ಕೆ ಬೆಲೆಯಿಲ್ಲ. ಬಿಟ್ಟುಕೊಡುವ ಪತ್ರದಲ್ಲಿ ಅವಧಿ ಹೇಳದಿದ್ದರೆ ಅದು ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದು 19ನೆಯ ಕಲಮು ಹೇಳುತ್ತದೆ. ಕನ್ನಡದಲ್ಲಿ ಅಚ್ಚಾದ ಲೇಖನವನ್ನು ಅದೇ ಬರಹಗಾರ ಮರಾಠಿಗೆ ತಂದು ಕೊಲ್ಹಾಪುರದ ಪತ್ರಿಕೆಗೆ ಕೊಡಬಹುದೇ ಎಂಬುದು ಗಡಿಭಾಗದವನಿಗೆ ನಿಜವಾಗಿ ಎದುರಾಗುವ ಪ್ರಶ್ನೆ. ಅನುವಾದದ ಹಕ್ಕನ್ನು ಬರೆದುಕೊಟ್ಟಿಲ್ಲವಾದರೆ ಅದು ಅವನದೇ. ಎರಡು ಭಾಷೆ ಬಲ್ಲದ್ದರಿಂದ ಒಂದೇ ಸವಾರಿಗೆ ಎರಡು ಸಲ ಗೌರವಧನ ಸಿಗುವ ಅವಕಾಶ ಧಾರವಾಡದವನಿಗೂ ಇಲ್ಲ, ಪುಣೆಯವನಿಗೂ ಇಲ್ಲ.

ಆರಂಭಕ್ಕೆ ದೊಡ್ಡ ಗಾಡಿ, ಲಡಾಖಿನ ಯಾತ್ರೆ ಯಾವುದೂ ಬೇಡ. ಲಡಾಖಿನ ಬಗ್ಗೆ ಈಗಾಗಲೇ ಬೇಕಾದಷ್ಟು ಬರೆದಾಗಿದೆ. ಮಹಾಗಾಂವದ ವಿದ್ಯಾರ್ಥಿ ಮೊದಲ ಲೇಖನಕ್ಕೆ ಪಕ್ಕದ ಮನೆಯ ಹಾಲಿನ ಗಾಡಿಯನ್ನು ಆರಿಸಿಕೊಳ್ಳಲಿ. ಹತ್ತು ವರ್ಷ ಓಡಿದ ಗಾಡಿಯಾದರೆ ಇನ್ನೂ ಒಳ್ಳೆಯದು. ಯಜಮಾನ ಏನು ಬದಲಿಸಿದ, ಯಾವಾಗ, ಎಷ್ಟು ಕೊಟ್ಟ ಎಂದು ವರ್ಷವಾರು ಬರೆದುಕೊಳ್ಳಲಿ. ಒಂದು ವಾರ ಕ್ಯಾನು ಹೊತ್ತು, ಒಂದು ವಾರ ಖಾಲಿ, ಟ್ಯಾಂಕಿನ ಲೆಕ್ಕ ಹಾಕಲಿ. ಎಂಟುನೂರು ಪದ ಸಾಕು. ಅದಕ್ಕಿಂತ ಹೆಚ್ಚಾದದ್ದನ್ನು ಯಾವ ಪುರವಣಿಯೂ ಹೊಸಬನಿಂದ ತೆಗೆದುಕೊಳ್ಳುವುದಿಲ್ಲ. ಬರೆದು ಮುಗಿಸಿದ ಮೇಲೆ ಪ್ರಾಧ್ಯಾಪಕರಿಗೆ ತೋರಿಸುವ ಮೊದಲು ಗ್ಯಾರೇಜಿನ ಮಿಸ್ತ್ರಿಗೆ ಗಟ್ಟಿಯಾಗಿ ಓದಿ ಹೇಳಲಿ. ಅವನು ಕೈಯಲ್ಲಿನ ಎಣ್ಣೆ ಒರೆಸಿಕೊಳ್ಳುತ್ತ "ಅದು ಹಂಗಲ್ಲೊ ತಮ್ಮ" ಎಂದು ಎಲ್ಲೆಲ್ಲಿ ತಡೆಯುತ್ತಾನೋ ಅಲ್ಲಲ್ಲಿ ಗೆರೆ ಎಳೆದುಕೊಂಡು, ಆ ವಾಕ್ಯಗಳನ್ನು ಮತ್ತೆ ಬರೆಯಲಿ.